ಹೆಂಚು, ನಿಘಂಟು, ಸೈತಾನ

ನಮ್ಮ ಅಜ್ಜಿಯ ಮನೆಯ ಅಟ್ಟ ಹತ್ತಿದರೆ ಹೆಂಚಿನ ಒಳಮೈಯಲ್ಲಿ ‘ಬಾಸೆಲ್ ಮಿಷನ್’ ಎಂಬ ಅಚ್ಚು ಕಾಣುತ್ತಿತ್ತು. ಮಂಗಳೂರಿಗೆ 1834ರಲ್ಲಿ ಬಂದ ಆ ಮಿಷನ್ನಿನವರು ಅದಕ್ಕೂ ಮೊದಲೇ, 1828ರಲ್ಲಿ, ಇಂದಿನ ಘಾನಾದ ಕರಾವಳಿಯಲ್ಲಿ ಇಳಿದಿದ್ದರು. ಇಲ್ಲಿ ಕಿಟೆಲ್ ಕನ್ನಡಕ್ಕೆ ನಿಘಂಟು ಕಟ್ಟಿದ ಹಾಗೆ ಅಲ್ಲಿ ಕ್ರಿಸ್ಟಾಲರ್ ಟ್ವಿ ಭಾಷೆಗೆ ಬೈಬಲನ್ನೂ ನಿಘಂಟನ್ನೂ ಮಾಡಿಕೊಟ್ಟರು.

ಟ್ವಿ ಬೈಬಲಿನಲ್ಲಿ ಸೈತಾನನ ಹೆಸರು ‘ಒಬೊನ್ಸಂ’. ಹೊರಗಿನಿಂದ ತಂದ ಪದವಲ್ಲ ಅದು. ಮಾಟ ಮಾಡುವ ಗಂಡಸನ್ನು ಅಲ್ಲಿನ ಜನ ‘ಬೊನ್ಸಂ’ ಎನ್ನುತ್ತಿದ್ದರು. ಮಾಟದ ಭಯವನ್ನು ಓಡಿಸಲು ಬಂದವರೇ ಅದಕ್ಕೆ ವೇದಪುಸ್ತಕದೊಳಗೆ ಒಂದು ಮಣೆ ಹಾಕಿಕೊಟ್ಟಂತಾಯಿತು. ಮಾಟ ಸುಳ್ಳು ಎಂದು ಹೇಳುವುದು ಬೇರೆ, ಮಾಟ ಸೈತಾನನ ಕೆಲಸ ಎಂದು ಹೇಳುವುದು ಬೇರೆ. ಎರಡನೆಯದನ್ನು ಕೇಳಿದವನು ಮನೆಗೆ ಹೋಗಿ ಮೊದಲಿಗಿಂತ ಹೆಚ್ಚು ಹೆದರುತ್ತಾನೆ.

ಇದೆಲ್ಲ ತಲೆಗೆ ಬಂದದ್ದು 2020ರ ಜುಲೈನಲ್ಲಿ, ಘಾನಾದ ಕಫಾಬಾ ಎಂಬ ಊರಿನ ವಿಡಿಯೊ ನೋಡಿದಾಗ. ತೊಂಬತ್ತು ವರ್ಷದ ಅಜ್ಜಿಯೊಬ್ಬರನ್ನು ಮಾಟಗಾತಿ ಎಂದು ಹಾಡಹಗಲೇ ಹೊಡೆದು ಕೊಂದರು. ಹೊಡೆದವರು ಹೆಂಗಸರು, ಸುತ್ತ ನಿಂತು ನೋಡಿದ್ದು ಊರು. ನನಗೆ ಪೂರ್ತಿ ನೋಡಲಾಗಲಿಲ್ಲ. ಕೆಳಗೆ ಯಾರೋ ‘ಆಫ್ರಿಕಾದಲ್ಲಿ ಇನ್ನೂ ಇಂಥ ಮೌಢ್ಯವೇ’ ಎಂದು ಬರೆದಿದ್ದರು. ವಾಮಾಚಾರ ತಡೆಯಲು 2017ರಲ್ಲಿ ಕಾನೂನು ಮಾಡಬೇಕಾಗಿ ಬಂದ ರಾಜ್ಯದವರು ನಾವು, ಆ ‘ಇನ್ನೂ’ ನಮ್ಮ ಬಾಯಿಗೆ ಒಪ್ಪುವುದಿಲ್ಲ.

ಆ ‘ಇನ್ನೂ’ ಅಲ್ಲಿಗೂ ಪೂರ್ತಿ ಒಪ್ಪುವುದಿಲ್ಲ, ನನ್ನ ತಕರಾರು ಇರುವುದೇ ಅಲ್ಲಿ. ಮಾಟದ ನಂಬಿಕೆ ಹಳೆಯದು, ನಿಜ. ಆದರೆ ಮಕ್ಕಳನ್ನು ಹಿಡಿದು ಮಾಟಗಾರರೆನ್ನುವ ಹಾವಳಿ ಈ ಪ್ರಮಾಣದಲ್ಲಿ ಎದ್ದದ್ದು ಈಚೆಗೆ. ಕಾಂಗೋದ ಕಿನ್ಶಾಸಾದಲ್ಲಿ 1990ರ ದಶಕದಲ್ಲಿ ಬದುಕು ಕುಸಿದು ಬಿತ್ತು. ಯುದ್ಧ, ಏಡ್ಸ್, ಕೆಲಸವಿಲ್ಲದ ಅಪ್ಪಂದಿರು. ತಾಯಿ ಸತ್ತು ಚಿಕ್ಕಮ್ಮನ ಮನೆ ಸೇರಿದ ಮಗುವಿಗೆ ‘ಎನ್‌ಡೊಕಿ’, ಅಂದರೆ ಮಾಟಗಾರ, ಎಂಬ ಹೆಸರು ಬಿತ್ತು. ಒಂದು ಹೊಟ್ಟೆ ಕಡಿಮೆಯಾಗಬೇಕಿದ್ದ ಮನೆಗೆ ಈ ಹೆಸರು ಬಹಳ ಅನುಕೂಲ. ಪಾಸ್ಟರು ಅದನ್ನು ಪ್ರಾರ್ಥನೆಯಲ್ಲಿ ಖಚಿತಪಡಿಸುತ್ತಾನೆ, ಬಿಡುಗಡೆಗೆ ದುಡ್ಡು ಕೇಳುತ್ತಾನೆ. ಮಗು ಊಟವಿಲ್ಲದೆ, ಕೆಲವು ಕಡೆ ನೀರೂ ಇಲ್ಲದೆ, ದಿನಗಟ್ಟಲೆ ಉಪವಾಸ ಕೂರಬೇಕು. ಮಕ್ಕಳ ಮೇಲೆ ಇಂಥ ಆರೋಪ ಹೊರಿಸುವುದೇ ಅಪರಾಧವೆಂದು ಆ ದೇಶ 2009ರಲ್ಲಿ ಕಾನೂನು ತಂದಿತು. ನೈಜೀರಿಯಾದ ಅಕ್ವಾ ಇಬೊಂ ರಾಜ್ಯ ಅದಕ್ಕೂ ಒಂದು ವರ್ಷ ಮೊದಲೇ ತಂದಿತ್ತು.

ಅದೇ ನೈಜೀರಿಯಾದ ಪ್ರಸಿದ್ಧ ಬೋಧಕಿಯೊಬ್ಬರು ಬರೆದ ಪುಸ್ತಕದಲ್ಲಿ ಎರಡು ವರ್ಷದೊಳಗಿನ ಮಗುವಿಗೆ ದುಷ್ಟಶಕ್ತಿ ಹಿಡಿದಿರುವ ಲಕ್ಷಣಗಳಿವೆ: ರಾತ್ರಿ ಕಿರುಚಿ ಅಳುವುದು, ಜ್ವರ ಬರುವುದು. ಮಕ್ಕಳನ್ನು ಸಾಕಿದ ಯಾರಾದರೂ ಇದನ್ನೊಮ್ಮೆ ಓದಬೇಕು. ಮಲೇರಿಯಾ ಇರುವ ಊರಿನಲ್ಲಿ ಈ ಪಟ್ಟಿಯಿಂದ ತಪ್ಪಿಸಿಕೊಳ್ಳುವ ಮಗು ಯಾವುದು? ಇಂಥ ಆರೋಪಗಳ ವಿರುದ್ಧ 2009ರಲ್ಲಿ ಕಾಲಬಾರ್‌ನಲ್ಲಿ ಸಭೆ ಕರೆದಾಗ, ಚರ್ಚಿನ ಗುಂಪೊಂದು ನುಗ್ಗಿ ಸಭೆ ಕರೆದಿದ್ದ ನೈಜೀರಿಯಾದ ಮಾನವತಾವಾದಿ ಲಿಯೋ ಇಗ್ವೆಯವರ ಮೇಲೆ ಕೈ ಮಾಡಿತು. ಅವರು ಇಂದಿಗೂ ಆರೋಪಿತರ ಪರ ಓಡಾಡುತ್ತಿದ್ದಾರೆ.

ದುಷ್ಟಶಕ್ತಿಗಳ ವಿರುದ್ಧದ ‘ಆತ್ಮಿಕ ಯುದ್ಧ’ ಎಂಬ ಮಾತಿಗೆ ಇಂಥ ಚರ್ಚುಗಳು ಆಧಾರ ಕೊಡುವುದು ಬೈಬಲಿನಲ್ಲಿ ಎಫೆಸದವರಿಗೆ ಬರೆದ ಪತ್ರದ ಆರನೆಯ ಅಧ್ಯಾಯದಿಂದ. ನಮ್ಮ ಹೋರಾಟ ರಕ್ತಮಾಂಸದ ಮನುಷ್ಯರ ಮೇಲಲ್ಲ ಎಂದೇ ಆ ವಾಕ್ಯ ಶುರುವಾಗುತ್ತದೆ. ನಾನು ದೇವರನ್ನು ಅಷ್ಟಾಗಿ ಹಚ್ಚಿಕೊಂಡವನಲ್ಲ, ಆದರೂ ಓದಲು ಬರುತ್ತದೆ. ಆ ವಾಕ್ಯ ಹಿಡಿದುಕೊಂಡು ಏಳು ವರ್ಷದ ಮಗುವಿನ ಕಣ್ಣಿಗೆ ಮೆಣಸು ಹಾಕುವುದು ಹೇಗೆ ಸಾಧ್ಯವಾಯಿತೋ ತಿಳಿಯದು.

ಇಷ್ಟಾದರೂ ಚರ್ಚನ್ನು ಒಂದೇ ಗಂಟಿನಲ್ಲಿ ಕಟ್ಟಿ ಎಸೆಯಲಾರೆ. ಉತ್ತರ ಘಾನಾದ ಗಂಬಾಗದಲ್ಲಿ ಊರು ಬಿಡಿಸಿಕೊಂಡ ಹೆಂಗಸರ ಶಿಬಿರವಿದೆ. ಬಹುಪಾಲು ವಿಧವೆಯರು, ಮುದುಕಿಯರು. ಯಾರದೋ ಕನಸಿನಲ್ಲಿ ಬಂದದ್ದೇ ಎಷ್ಟೋ ಜನರ ತಪ್ಪು. ಶಿಬಿರಕ್ಕೆ ಬಂದವಳ ಹೆಸರಿನಲ್ಲಿ ಕೋಳಿಯ ಕತ್ತು ಕೊಯ್ದು ಬಿಡುತ್ತಾರೆ. ಅದು ಒದ್ದಾಡಿ ಅಂಗಾತ ಬಿದ್ದು ಸತ್ತರೆ ಅವಳು ನಿರಪರಾಧಿ, ಬೋರಲು ಬಿದ್ದರೆ ಮಾಟಗಾತಿ. ಅಂಗಾತ ಬಿದ್ದರೂ ಎಷ್ಟೋ ಜನ ಊರಿಗೆ ಮರಳಲಾರರು. ಅಲ್ಲಿ ಈ ಹೆಂಗಸರ ಬೆನ್ನಿಗೆ ನಿಂತು, ಅವರವರ ಊರಿನ ಮುಖ್ಯಸ್ಥರನ್ನೂ ಮನೆಯವರನ್ನೂ ಒಪ್ಪಿಸಿ ವಾಪಸು ಕಳಿಸುವ ಕೆಲಸವನ್ನು 1990ರ ದಶಕದಿಂದ ಮಾಡುತ್ತಿರುವುದು ಪ್ರೆಸ್ಬಿಟೇರಿಯನ್ ಚರ್ಚ್. ಅದರ ಬೇರು ನಮ್ಮ ಹೆಂಚಿನ ಅದೇ ಬಾಸೆಲ್ ಮಿಷನ್.

ಮಾಟದ ಆರೋಪ ಹೊರಿಸುವುದನ್ನು ಅಪರಾಧ ಮಾಡುವ ಮಸೂದೆಯನ್ನು ಘಾನಾದ ಸಂಸತ್ತು 2023ರ ಜುಲೈನಲ್ಲಿ ಒಪ್ಪಿತು. ಆಗಿನ ಅಧ್ಯಕ್ಷ ಅಕುಫೊ ಆಡೊ ಸಂವಿಧಾನದ ತೊಡಕು ಹೇಳಿ ಸಹಿ ಹಾಕಲಿಲ್ಲ. ಅವರು ಸಹಿ ಹಾಕಬೇಕಿತ್ತು ಎಂದೇ ನನ್ನ ಅಭಿಪ್ರಾಯ. ಹಾಕಿದ್ದರೂ ಮನೆಗೆ ಮರಳಿದ ಮುದುಕಿಯ ಪಕ್ಕದ ಮನೆಯ ಮಗುವಿಗೆ ಜ್ವರ ಬಂದ ರಾತ್ರಿ ಆ ಮನೆಯವರು ಮೊದಲು ಯಾರ ಬಾಗಿಲು ತಟ್ಟುತ್ತಾರೆ? ದಾದಿಯದೋ, ಪಾಸ್ಟರದೋ, ಅವಳದೋ?