ಎರಡು ಸಿಬಿಸಿ ಕಂಡರೆ 91 ಹಾಕಿಬಿಡುವುದಾ?

ನೈಟ್ ಶಿಫ್ಟ್ ಮುಗಿಸಿ ಬಂದು ಒಂದು ಗಂಟೆ ಆಯಿತು. ನಿದ್ದೆ ಬರುತ್ತಿಲ್ಲ. ಬೆಂಗಳೂರಲ್ಲಿ ಕೂತು ಅಮೆರಿಕದ ಆಸ್ಪತ್ರೆ ಬಿಲ್ಲುಗಳಿಗೆ ಕೋಡ್ ಹಾಕುವುದು ನನ್ನ ಕೆಲಸ, ನಿಮಗೆ ಗೊತ್ತೇ ಇದೆ. ಬೇರೆಯವರು ಹಾಕಿದ ಕೋಡ್ ಸರಿಯಾ ಅಂತ ನೋಡುವ ಆಡಿಟ್‌ಗೆ ನಿನ್ನೆ ಒಂದು ಚಾರ್ಟ್, ಅಂದರೆ ಒಬ್ಬ ರೋಗಿಯ ದಾಖಲೆ ಬಂತು. ಒಂದೇ ದಿನ ಎರಡು ಸಿಬಿಸಿ, ಅಂದರೆ ರಕ್ತಕಣಗಳನ್ನು ಎಣಿಸುವ ಟೆಸ್ಟ್. ಎರಡಕ್ಕೂ ಆ ಟೆಸ್ಟಿನ ಕೋಡ್ 85025, ಎರಡನೆಯದಕ್ಕೆ ಮಾಡಿಫೈಯರ್ 91. ಚಿಕಿತ್ಸೆಗೆ ಬೇಕಾಗಿಯೇ ಅದೇ ದಿನ ಅದೇ ಟೆಸ್ಟ್ ಮತ್ತೆ ಮಾಡಿದರು ಅಂತ ಹೇಳಲು ಕೋಡಿನ ಜೊತೆ ಸೇರಿಸುವ ಗುರುತು ಅದು. ಲ್ಯಾಬ್ ನೋಟ್ ತೆರೆದೆ. ಮೊದಲ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಪ್ಲೇಟ್‌ಲೆಟ್ ಲೆಕ್ಕ ನಂಬುವ ಹಾಗಿರಲಿಲ್ಲ. ಅದಕ್ಕೇ ಮತ್ತೆ ರಕ್ತ ತೆಗೆದಿದ್ದರು.

ಇದಕ್ಕೆ 91 ಹಾಕುವ ಹಾಗೇ ಇಲ್ಲ! ಹೊಟ್ಟೆಯೊಳಗೆ ರಕ್ತ ಸೋರುತ್ತಿರುವ ರೋಗಿ ಇದ್ದಾರೆ ಅನ್ನಿ. ಬೆಳಗ್ಗೆ ಇದ್ದ ಹಿಮೋಗ್ಲೋಬಿನ್ ಸಂಜೆಗೆ ಎಷ್ಟಕ್ಕೆ ಇಳಿಯಿತು ಅಂತ ಡಾಕ್ಟರಿಗೆ ಗೊತ್ತಾಗಲೇಬೇಕು. ಆಗ 91 ಬೇಕು. ಹಾಕದಿದ್ದರೆ ಡುಪ್ಲಿಕೇಟ್ ಅಂತ ಇನ್ಶೂರೆನ್ಸ್‌ನವರು ಕ್ಲೇಮ್ ಡಿನೈ ಮಾಡಬಹುದು. ಆದರೆ ಸ್ಯಾಂಪಲ್ ಕೆಟ್ಟಿತು, ಮೆಷಿನ್ ಕೈಕೊಟ್ಟಿತು, ಬಂದ ರಿಸಲ್ಟ್ ಸರಿಯಾ ಅಂತ ಖಾತ್ರಿ ಮಾಡಿಕೊಳ್ಳಲು ಇನ್ನೊಮ್ಮೆ ಮಾಡಿದರು, ಇವು ಯಾವುದಕ್ಕೂ 91 ಇಲ್ಲ. ಈ ಕೋಡುಗಳೆಲ್ಲ ಇರುವ ಸಿಪಿಟಿ ಪುಸ್ತಕದಲ್ಲೇ ಇದೆ.

ಕೋಡ್ ಹಾಕಿದ ಹುಡುಗನನ್ನು ಕೇಳಿದೆ. "ಎರಡು ಸಿಬಿಸಿ ಇತ್ತಲ್ಲ ಮ್ಯಾಮ್, ಹಾಕಿದೆ. ಟಾರ್ಗೆಟ್ ಮುಗಿಸಬೇಕಲ್ವಾ, ನೋಟ್ ಎಲ್ಲಾ ಎಲ್ಲಿ ಓದೋದು?" ಟಾರ್ಗೆಟ್ ಒತ್ತಡ ನನಗೂ ಗೊತ್ತು. ಆದರೂ ಒಪ್ಪುವುದಿಲ್ಲ. ಆ ನೋಟ್ ಇದ್ದದ್ದು ಎರಡೇ ಸಾಲು. ಅದನ್ನು ಓದದೆ 91 ಹಾಕಿದರೆ, ಸ್ಯಾಂಪಲ್ ಕೆಟ್ಟಿದ್ದಕ್ಕೆ ಎರಡನೇ ಸಲ ಸೂಜಿ ಚುಚ್ಚಿಸಿಕೊಂಡವರ ಬಿಲ್ಲಿಗೇ ಅದರ ದುಡ್ಡೂ ಸೇರುತ್ತದೆ. ಅವರು ಮಾಡಿದ ತಪ್ಪಾದರೂ ಏನು?

ನಾನು ಸುಮ್ನೆ ರೇಗುತ್ತಿಲ್ಲ. ಅಪ್ಪನಿಗೆ ಡೆಂಗಿ ಆದಾಗ ದಿನಕ್ಕೆ ಎರಡು ಸಲ ಪ್ಲೇಟ್‌ಲೆಟ್ ನೋಡುತ್ತಿದ್ದರು. ಅದು ಬೇಕಿತ್ತು, ತಕರಾರಿಲ್ಲ. ಒಂದು ದಿನ ಮಾತ್ರ ಸ್ಯಾಂಪಲ್ ಕ್ಲಾಟ್ ಆಯಿತು ಅಂತ ಮೂರನೇ ಸಲ ಚುಚ್ಚಿದರು. ಅಪ್ಪನ ಮೊಣಕೈ ಹತ್ತಿರ ಆಗಲೇ ಕಪ್ಪುಗಟ್ಟಿತ್ತು. ಬಿಲ್ ಬಂದಾಗ ನೋಡಿದರೆ ಆ ದಿನದ ಮುಂದೆ ಮೂರು ಸಿಬಿಸಿ. ಇದೇ ಕೆಲಸ ಮಾಡುವವಳು ನಾನು, ಕೌಂಟರಿನಲ್ಲಿ ಒಂದು ಮಾತೂ ಕೇಳದೆ ಕಟ್ಟಿ ಬಂದೆ. ಅಪ್ಪನನ್ನು ಬೇಗ ಮನೆಗೆ ಕರೆದುಕೊಂಡು ಹೋದರೆ ಸಾಕಾಗಿತ್ತು. ಅದು ಇವತ್ತಿಗೂ ಚುಚ್ಚುತ್ತದೆ.

ಆ ಚಾರ್ಟಿನಿಂದ ಎರಡನೇ 85025 ತೆಗೆಸಿದೆ. ಹುಡುಗನನ್ನು ಪಕ್ಕದಲ್ಲೇ ಕೂರಿಸಿಕೊಂಡು, ಈ ವಾರ ಅವನು 91 ಹಾಕಿದ ಚಾರ್ಟುಗಳನ್ನೆಲ್ಲ ಒಂದೊಂದಾಗಿ ತೆರೆಸುತ್ತಿದ್ದೇನೆ. ಅರ್ಧ ಆಗಿದೆ. ಉಳಿದದ್ದು ಇವತ್ತು ರಾತ್ರಿ.