ಫೋರ್ಕ್ ಆಮೇಲೆ, ಮೊದಲು ಟೈರು ನೋಡಿ

ಹೈಬ್ರಿಡ್ ಸೈಕಲ್ (ರೋಡ್ ಬೈಕು, ಮೌಂಟನ್ ಬೈಕು ಎರಡರ ಬೆರಕೆ) ಕೊಂಡವರು ಮೊದಲು ಸಸ್ಪೆನ್ಷನ್ ಫೋರ್ಕ್ (ಮುಂದಿನ ಚಕ್ರ ಹಿಡಿದು ಕುಲುಕು ತಡೆಯೋ ಕವಲು) ತೆಗೆಸಿ ಹಗುರವಾದ ಕಾರ್ಬನ್ ಫೋರ್ಕ್ ಹಾಕಿಸಬೇಕು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನನಗೆ ಒಪ್ಪಿಗೆ ಇಲ್ಲ ಸರ್. ಭಾರ ಇಳಿಯೋದು ನಿಜ. ಆದರೆ ಹೊಸ ಫೋರ್ಕ್ ಹಳೆಯದಕ್ಕಿಂತ ಗಿಡ್ಡ ಆದರೆ ಸೈಕಲ್ಲಿನ ಮೂತಿ ತಗ್ಗಿ ಹ್ಯಾಂಡಲ್ ತೀರಾ ಚುರುಕಾಗುತ್ತೆ, ಇಳಿಜಾರಲ್ಲಿ ಭಯ ಆಗುತ್ತೆ. ಅದರ ಬಗ್ಗೆ ಒಂದು ಮಾತೂ ಇಲ್ಲ.

ನಾನು ಮೈಸೂರಿನವನು, ಭಾನುವಾರ ಚಾಮುಂಡಿ ಬೆಟ್ಟ ಹತ್ತೋ ಚಟ. ನನ್ನ ಗಾಡಿಗೆ ಜೀವ ಬಂದಿದ್ದು ಟೈರಿನಿಂದ. 700x40ರ (ಅಂದರೆ 40 ಮಿ.ಮೀ. ಅಗಲದ) ಒರಟು ಮೈಯ ಟೈರು ತೆಗೆಸಿ 700x32ರ ನುಣುಪಾದದ್ದು ಹಾಕಿಸಿದೆ, ಅಷ್ಟೇ. ಗಾಳಿ ಮಾತ್ರ ಕಲ್ಲಿನ ಹಾಗೆ ತುಂಬಿಸಬೇಡಿ; ಪಕ್ಕದಲ್ಲಿ ಅಚ್ಚಾಗಿರೋದು ಗರಿಷ್ಠ ಮಿತಿ, ಸವಾರನ ತೂಕ ನೋಡಿ ಕಡಿಮೆ ಇಡಬೇಕು.

ಗೇರಿನ ವಿಷಯದಲ್ಲಿ ನಾನೇ ಪೆದ್ದನಾದೆ. ದುಡ್ಡು ಕೊಟ್ಟು 8 ಗೇರಿನ ಕ್ಯಾಸೆಟ್ (ಹಿಂದಿನ ಚಕ್ರದ ಹಲ್ಲುಚಕ್ರಗಳ ಗೊಂಚಲು) ತಂದೆ. ಮೆಕ್ಯಾನಿಕ್ ಚಕ್ರ ಬಿಚ್ಚಿ ನಕ್ಕುಬಿಟ್ಟ. ನನ್ನದು ಚಕ್ರದ ನಡುವಿನ ಹಬ್‌ಗೆ ತಿರುಪಿನ ಹಾಗೆ ಕೂರೋ 7 ಗೇರಿನ ಫ್ರೀವೀಲ್ ಅನ್ನೋ ಗೊಂಚಲು. ಕ್ಯಾಸೆಟ್‌ಗೆ ಬೇರೆ ಥರದ ಹಬ್ ಬೇಕು. ಕೊನೆಗೆ 14-28 ಹಲ್ಲಿನದು (ಚಿಕ್ಕ ಹಲ್ಲುಚಕ್ರಕ್ಕೆ 14, ದೊಡ್ಡದಕ್ಕೆ 28) ತೆಗೆಸಿ 14-34ರ ಫ್ರೀವೀಲ್ ಹಾಕಿಸಿದೆ, ದೊಡ್ಡದಕ್ಕೆ ಹಲ್ಲು ಹೆಚ್ಚಿದ್ದರೆ ಏರು ಹತ್ತೋದು ಹಗುರ; ಚೈನೂ ಸ್ವಲ್ಪ ಉದ್ದದ್ದು ಬೇಕಾಯ್ತು. ಈಗ ಬೆಟ್ಟದಲ್ಲಿ ಇಳಿದು ತಳ್ಳೋದು ನಿಂತಿದೆ, ಏದುಸಿರು ನಿಂತಿಲ್ಲ.

ಆ ಕ್ಯಾಸೆಟ್ ಇನ್ನೂ ಮನೆಯ ಅಟ್ಟದ ಮೇಲಿದೆ. ಬೇಕಾದವರು ಹೇಳಿ.