ಗೋಡೆ ವಾಲಿದ ಮಾತ್ರಕ್ಕೆ ಕುಸಿಯುವುದಿಲ್ಲ: ಒಂದು ಸ್ಪಷ್ಟನೆ

ಮಣ್ಣು ತಡೆಯುವ ಕಾಂಕ್ರೀಟ್ ಗೋಡೆ ಕೆಲವೇ ಮಿಲಿಮೀಟರ್ ವಾಲಿದರೂ ಕುಸಿತ ಖಚಿತವೆಂಬ ಸಂದೇಶ ತುಮಕೂರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ. ಬುಡದಲ್ಲಷ್ಟೇ ಬಿಗಿಯಾಗಿ ನಿಂತ ಗೋಡೆ ತುಸು ಹೊರಬಾಗಿದಾಗ ಹಿಂದಿನ ಮಣ್ಣಿನ ಒಳಘರ್ಷಣೆ ಕೆಲಸಕ್ಕಿಳಿಯುವುದರಿಂದ ಒತ್ತಡ ತಗ್ಗುತ್ತದೆ. ಘರ್ಷಣಾ ಕೋನ (ಕಣಗಳು ಒಂದರ ಮೇಲೊಂದು ಜಾರದಂತೆ ತಡೆಯುವ ಗುಣದ ಅಳತೆ) 30 ಡಿಗ್ರಿ ಇರುವ ಒಣ ಮರಳಿನಲ್ಲಿ ಅಡ್ಡ ಒತ್ತಡವು ಲಂಬ ಒತ್ತಡದ ಸುಮಾರು ಅರ್ಧದಿಂದ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಚೆನ್ನಾಗಿ ದಮ್ಮಸ್ಸು ಮಾಡಿದ ಮರಳಾದರೆ, 4 ಮೀಟರ್ ಎತ್ತರದ ಗೋಡೆಯ ತಲೆ 4ರಿಂದ 8 ಮಿಲಿಮೀಟರ್ ಸರಿದರೆ ಈ ಇಳಿಕೆಗೆ ಅಷ್ಟು ಸಾಕು.

ಆದರೆ ನೆಲಮಾಳಿಗೆಯ ಗೋಡೆಯನ್ನು ಕಂಬ, ತೊಲೆ, ಸ್ಲ್ಯಾಬುಗಳು ಹಿಡಿದಿಟ್ಟಿರುವುದರಿಂದ ಅಲ್ಲಿ ಈ ಇಳಿಕೆಯನ್ನು ನೆಚ್ಚದೆ ಪೂರ್ತಿ ಒತ್ತಡಕ್ಕೇ ವಿನ್ಯಾಸ ಮಾಡಬೇಕು. ನಿಜವಾಗಿ ಹೆದರಬೇಕಾದದ್ದು ನೀರಿಗೆ: ಬಸಿಗಿಂಡಿಗಳು (ಹಿಂದಿನ ನೀರು ಹೊರಹೋಗಲು ಗೋಡೆಯಲ್ಲಿ ಬಿಟ್ಟ ರಂಧ್ರಗಳು) ಕಟ್ಟಿಕೊಂಡು ಹಿಂದೆ 3 ಮೀಟರ್ ನೀರು ನಿಂತರೆ, ಅದೊಂದೇ ಬುಡದಲ್ಲಿ ಚದರ ಮೀಟರಿಗೆ 3 ಟನ್ ಒತ್ತಡ ಹೇರುತ್ತದೆ. ವಾಲಿಕೆ ನಿಲ್ಲದೆ ಬೆಳೆಯುತ್ತಿದ್ದರೆ ಸ್ಟ್ರಕ್ಚರಲ್ ಎಂಜಿನಿಯರನ್ನು ತಕ್ಷಣ ಕರೆಸಿ ತೋರಿಸಬೇಕು.